ಡಂಬಳಕ್ಕೆ ರೈಲಿಲ್ಲ, ಆದರೂ ರೈಲಿನಲ್ಲೇ ಹೋಗಿ

ಲಕ್ಕುಂಡಿ ನೋಡಿದವರು ಊರಿಗೆ ನೂರು ಜನ ಸಿಕ್ಕಾರು, ಡಂಬಳ ನೋಡಿದವರು ಹುಡುಕಿದರೂ ಸಿಗುವುದು ಕಷ್ಟ. ಗದಗಿಗೆ ಬಂದ ಪ್ರವಾಸಿಗರ ಕಾರು ಕೊಪ್ಪಳದ ಹೆದ್ದಾರಿ ಹಿಡಿದು, ಲಕ್ಕುಂಡಿಯಲ್ಲಿ ಅರ್ಧ ತಾಸು ನಿಂತು, ಹಂಪಿ ಕಡೆ ಓಡುತ್ತದೆ. ಮುಂಡರಗಿ ರಸ್ತೆಗೆ ಹೊರಳುವವರು ಕಡಿಮೆ. ಆ ರಸ್ತೆಯಲ್ಲಿ ಸುಮಾರು 20 ಕಿಲೋಮೀಟರ್ ಹೋದರೆ ಸಿಗುವ ಡಂಬಳದಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಒಂದು ಗುಡಿಯಿದೆ. ಅದರ ಗರ್ಭಗುಡಿಗೆ 24 ಮೂಲೆ. ಕಟ್ಟಡ ಕಲೆಯ ಪುಸ್ತಕ ಬರೆದವರೆಲ್ಲ ಅದರ ಮುಂದೆ ಒಂದು ಗಳಿಗೆ ನಿಂತೇ ಮುಂದೆ ಹೋಗಿದ್ದಾರೆ. ಹುಬ್ಬಳ್ಳಿ, ಧಾರವಾಡ, ಕೊಪ್ಪಳ, ಹೊಸಪೇಟೆ, ಬಾದಾಮಿ, ಬಾಗಲಕೋಟೆ, ಎಲ್ಲಿಂದ ಹೊರಟರೂ ಬೆಳಿಗ್ಗೆ ಹೋಗಿ ಸಂಜೆ ಮನೆ ಸೇರಬಹುದಾದ ಊರು ಇದು. ಖರ್ಚೂ ಹೆಚ್ಚಿಲ್ಲ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಗದಗ, ಲಕ್ಕುಂಡಿ, ಡಂಬಳ, ಇಟಗಿ ಎಲ್ಲವನ್ನೂ ಒಂದೇ ದಿನದಲ್ಲಿ ಮುಗಿಸುವ ಪಟ್ಟಿ ಹಿಡಿದುಕೊಂಡು ಬರಬೇಡಿ. ಹಾಗೆ ಬಂದರೆ ಗುಡಿ ನೋಡಿದ್ದಕ್ಕಿಂತ ಚಪ್ಪಲಿ ಬಿಟ್ಟು ಹಾಕಿಕೊಂಡದ್ದೇ ನೆನಪಿನಲ್ಲಿ ಉಳಿಯುತ್ತದೆ. ಅರ್ಧ ದಿನಕ್ಕಿಂತ ಹೆಚ್ಚು ಡಂಬಳಕ್ಕೆ ಕೊಡಿ, ಉಳಿದದ್ದು ಗದಗಿಗೆ. ಲಕ್ಕುಂಡಿಗೆ ಇನ್ನೊಂದು ದಿನ ಬನ್ನಿ, ಅದೂ ಪೂರ್ತಿ ದಿನ ಬೇಡುವ ಊರೇ.

ಹಳಿ ಎಲ್ಲಿಯವರೆಗೆ

ಗದಗ ಜಂಕ್ಷನ್ನಿಗೆ ಮೂರು ದಿಕ್ಕಿನಿಂದ ಹಳಿ ಬರುತ್ತದೆ: ಪಶ್ಚಿಮದ ಹುಬ್ಬಳ್ಳಿಯಿಂದ, ಪೂರ್ವದ ಹೊಸಪೇಟೆ–ಕೊಪ್ಪಳದಿಂದ, ಉತ್ತರದ ವಿಜಯಪುರ–ಬಾಗಲಕೋಟೆ–ಬಾದಾಮಿಯಿಂದ. ದಕ್ಷಿಣಕ್ಕೆ ಮಾತ್ರ ಇಲ್ಲ. ಹಾಗಾಗಿ ಜಿಲ್ಲೆಯ ದಕ್ಷಿಣದ ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದವರು ಇವತ್ತಿಗೂ ರೈಲು ಹತ್ತಲು ಬಸ್ಸು ಹಿಡಿದೇ ಬರಬೇಕು. ಲಕ್ಷ್ಮೇಶ್ವರದ ಮೇಲೆ ಹಾಯುವ ಗದಗ–ಯಲವಿಗಿ ಮಾರ್ಗ ಬೇಕೆಂಬ ಕೂಗು ಹಳೆಯದು. ಅದು ಆಗುವ ತನಕ ಡಂಬಳದ ರೈಲ್ವೆ ಸ್ಟೇಶನ್ ಎಂದರೆ ಗದಗೇ.

ಈ ಸೀಮೆಗೆ ರೈಲು ಬಂದದ್ದು ಹತ್ತಿಗಾಗಿ ಮತ್ತು ಬರಗಾಲದಿಂದಾಗಿ. 1876–78ರ ಬರದಲ್ಲಿ ಜನ ಸತ್ತದ್ದು ಕಾಳು ಸಾಗಿಸುವ ದಾರಿಯಿಲ್ಲದೆ ಎಂಬುದು ಸರಕಾರಕ್ಕೆ ಮನವರಿಕೆಯಾದ ಮೇಲೆ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. ಹೊಟಗಿಯಿಂದ ಗದಗಿನವರೆಗಿನ ಮೀಟರ್‌ಗೇಜ್ ಹಳಿ 1884ರಲ್ಲಿ ತೆರೆಯಿತು. ಎರಿ ಹೊಲದ ಹತ್ತಿ ಗದಗಿನ ಪೇಟೆಯಿಂದ ಸೀದಾ ದೂರದ ಊರು ಸೇರತೊಡಗಿತು. ಈಗ ಎಲ್ಲವೂ ಬ್ರಾಡ್‌ಗೇಜ್.

ಹುಬ್ಬಳ್ಳಿಯಿಂದ ಗದಗಿಗೆ ಸುಮಾರು 58 ಕಿಲೋಮೀಟರ್. ಎಕ್ಸ್‌ಪ್ರೆಸ್ ಗಾಡಿಯಾದರೆ ಒಂದು ತಾಸಿನ ಆಜೂಬಾಜು, ಪ್ಯಾಸೆಂಜರ್ ಆದರೆ ಇನ್ನಷ್ಟು. ಮುಂಗಡ ಬುಕಿಂಗಿನ ಗೊಡವೆ ಬೇಡ, ಜನರಲ್ ಟಿಕೆಟ್ ಸಾಕು. ಗಾಡಿಗಳ ವೇಳೆ ಆಗಾಗ ಬದಲಾಗುತ್ತದೆ. ಹೊರಡುವ ಹಿಂದಿನ ರಾತ್ರಿ ರೈಲ್ವೆಯ ಎನ್‌ಟಿಇಎಸ್ ಆ್ಯಪಿನಲ್ಲಿ ಇಲ್ಲವೆ 139ಕ್ಕೆ ಫೋನ್ ಮಾಡಿ ವಿಚಾರಿಸಿಕೊಳ್ಳಿ. ಒಟ್ಟು ಲೆಕ್ಕ ಇಷ್ಟೇ: ಬೆಳಿಗ್ಗೆ ಒಂಬತ್ತರೊಳಗೆ ಗದಗಿನಲ್ಲಿ ಇಳಿಯುವಂತಿರಬೇಕು. ಬೆಂಗಳೂರು ಕಡೆಯವರಿಗೆ ರಾತ್ರಿಯ ಹಂಪಿ ಎಕ್ಸ್‌ಪ್ರೆಸ್ ಇದೆ, ಬಳ್ಳಾರಿ, ಹೊಸಪೇಟೆ ಸುತ್ತಿಕೊಂಡು ಬರುತ್ತದೆ. ಗೋಳಗುಮ್ಮಟ ಎಕ್ಸ್‌ಪ್ರೆಸ್ಸೂ ಇದೆ, ಆದರೆ ಅದು ಗದಗಿಗೆ ಮುಟ್ಟುವುದು ಹೊತ್ತಲ್ಲದ ಹೊತ್ತಿಗೆ. ಬೆಂಗಳೂರಿನಿಂದ ಬರುವವರು ಒಂದು ರಾತ್ರಿ ಹುಬ್ಬಳ್ಳಿಯಲ್ಲೋ ಗದಗಿನಲ್ಲೋ ತಂಗಿ, ಮರುದಿನವನ್ನು ಡಂಬಳಕ್ಕೆ ಇಟ್ಟುಕೊಳ್ಳುವುದು ಒಳ್ಳೆಯದು.

ಹುಬ್ಬಳ್ಳಿಯಿಂದ ಬರುವವರು ಅಣ್ಣಿಗೇರಿ ಸ್ಟೇಶನ್ ಬಂದಾಗ ಮೊಬೈಲು ಕೆಳಗಿಡಿ. ಆದಿಕವಿ ಪಂಪನ ಊರೆಂದು ಹೆಸರಾದ ಊರು ಅದು. ಅಲ್ಲಿಯ ಅಮೃತೇಶ್ವರ ಗುಡಿಗೂ ನೀವು ನೋಡಹೊರಟ ಡಂಬಳಕ್ಕೂ ಒಂದು ನಂಟಿದೆ. ಬಾದಾಮಿ, ಪಟ್ಟದಕಲ್ಲಿನ ಗುಡಿಗಳು ಮರಳುಗಲ್ಲಿನವು. ಹನ್ನೊಂದನೆಯ ಶತಮಾನದ ನಡುವಿನಲ್ಲಿ ಚಾಲುಕ್ಯ ಶಿಲ್ಪಿಗಳು ಅದನ್ನು ಬಿಟ್ಟು ಬಳಪದ ಕಲ್ಲಿಗೆ ಬಂದರು. ಆ ಕಲ್ಲಿನಲ್ಲಿ ಕಟ್ಟಿದ ಮೊದಮೊದಲ ಗುಡಿಗಳಲ್ಲಿ ಅಮೃತೇಶ್ವರವೂ ಒಂದು. ಕಲ್ಲು ಬದಲಾದದ್ದೇ ತಡ, ಕೆಲಸವೂ ಬದಲಾಯಿತು. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗಿರುತ್ತದೆ, ಗಾಳಿಗೆ ಬಿದ್ದಂತೆ ಗಟ್ಟಿಯಾಗುತ್ತದೆ. ಉಳಿ ಸಣ್ಣದಾಯಿತು, ಗೋಡೆಯ ಮಡಿಕೆಗಳು ಹೆಚ್ಚಿದವು, ಕಂಬಗಳು ಚರಕಿಗೆ ಏರಿದವು. ಅಣ್ಣಿಗೇರಿಯಲ್ಲಿ ಶುರುವಾದ ಈ ಕೆಲಸ ಲಕ್ಕುಂಡಿಯಲ್ಲಿ ಪಳಗಿತು, 1112ರ ಇಟಗಿಯ ಮಹಾದೇವ ಗುಡಿಯಲ್ಲಿ ತುದಿ ಮುಟ್ಟಿತು ಎನ್ನುವುದು ವಾಡಿಕೆ. ನನ್ನ ಮಟ್ಟಿಗೆ, ಇಟಗಿಯದು ಚೆಲುವಿನ ತುದಿಯಾದರೆ ಡಂಬಳದ್ದು ಧೈರ್ಯದ ತುದಿ.

ಅಣ್ಣಿಗೇರಿ ದಾಟಿದರೆ ಸಹಕಾರಿ ಸಂಘಗಳಿಗೆ ಹೆಸರಾದ ಹುಲಕೋಟಿ. ಕೊಪ್ಪಳದ ಕಡೆಯಿಂದ ಬರುವವರಿಗೆ ಗದಗಿಗೆ ಮುಂಚೆ ಕಣಗಿನಹಾಳ ಸಿಗುತ್ತದೆ, 1905ರಲ್ಲಿ ಸಿದ್ದನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರಿ ಸಂಘ ಕಟ್ಟಿದ ಊರು. ಕಿಟಕಿಯಿಂದಲೇ ಕೈ ಮುಗಿದು ಮುಂದೆ ನಡೆಯಬಹುದು.

ಗದಗಿನಿಂದ ಮುಂದಕ್ಕೆ

ಸ್ಟೇಶನ್ನಿನ ಹೊರಗೆ ಆಟೋದವರಿಗೆ ಬರೀ ‘ಬಸ್‌ಸ್ಟ್ಯಾಂಡ್’ ಎನ್ನಬೇಡಿ. ಗದಗಿನಲ್ಲಿ ಹಳೇದೂ ಇದೆ, ಹೊಸದೂ ಇದೆ. ‘ಮುಂಡರಗಿ ಬಸ್ಸು ಸಿಗೋ ಕಡೆ ಬಿಡ್ರಿ’ ಎಂದರೆ ಸರಿಯಾದ ಕಡೆ ಇಳಿಸುತ್ತಾರೆ. ಡಂಬಳ ಮುಂಡರಗಿ ರಸ್ತೆಯಲ್ಲೇ ಇರುವುದರಿಂದ ವಾಯವ್ಯ ಸಾರಿಗೆಯ ಬಸ್ಸಿಗೆ ಬರ ಇಲ್ಲ. ಹತ್ತುವ ಮೊದಲು ಡಂಬಳದಲ್ಲಿ ನಿಲ್ಲುತ್ತದೆಯೇ ಎಂದು ಕಂಡಕ್ಟರನನ್ನು ಒಂದು ಮಾತು ಕೇಳಿ. ಹೆಣ್ಣುಮಕ್ಕಳು ಕರ್ನಾಟಕದ ವಿಳಾಸವಿರುವ ಆಧಾರ್ ಜೊತೆಗಿಟ್ಟುಕೊಂಡರೆ ಶಕ್ತಿ ಯೋಜನೆಯಲ್ಲಿ ಟಿಕೆಟ್ಟಿಗೆ ಕಾಸಿಲ್ಲ. ನಾಲ್ಕೈದು ಜನರ ಗುಂಪಾದರೆ ಗದಗಿನಿಂದಲೇ ಕಾರು ಗೊತ್ತುಮಾಡಿಕೊಳ್ಳಬಹುದು. ಆದರೆ ಹೋಗಿ ಬರುವ ಬಾಡಿಗೆ, ಕಾಯುವ ಹೊತ್ತು ಎರಡನ್ನೂ ಮೊದಲೇ ಮಾತಾಡಿ ಮುಗಿಸಿ.

ಊರು ದಾಟುತ್ತಿದ್ದಂತೆ ಎರಿ ಹೊಲ ಶುರು. ಬಲಗಡೆ ದೂರದಲ್ಲಿ ಕಪ್ಪತಗುಡ್ಡದ ಸಾಲು, ಅದರ ನೆತ್ತಿಯ ಮೇಲೆ ಗಾಳಿಯಂತ್ರಗಳು. ಔಷಧಿ ಗಿಡಗಳಿಗೂ ನೆಲದೊಳಗಿನ ಚಿನ್ನಕ್ಕೂ ಹೆಸರಾದ ಗುಡ್ಡ. ಗಣಿಗಾರಿಕೆಯ ವಿರುದ್ಧ ಈ ಭಾಗದ ಜನ, ಮಠಾಧೀಶರು ಬೀದಿಗಿಳಿದು ಹೋರಾಡಿದ ಮೇಲೆ 2019ರಲ್ಲಿ ಅದು ವನ್ಯಧಾಮವಾಯಿತು. ಗುಡ್ಡ ಹತ್ತುವ ಆಸೆಯಿದ್ದರೆ ಅದಕ್ಕೊಂದು ಬೇರೆ ದಿನ ಬೇಕು. ಡಂಬಳದ ಜೊತೆ ಅದನ್ನು ಗಂಟು ಹಾಕಬೇಡಿ.

ಬಸಪ್ಪನ ಗುಡಿ

ಊರಲ್ಲಿ ಇಳಿದು ‘ದೊಡ್ಡ ಬಸಪ್ಪನ ಗುಡಿ ಎಲ್ಲೈತ್ರಿ’ ಎಂದರೆ ಹುಡುಗರೂ ತೋರಿಸುತ್ತಾರೆ. ಗರ್ಭಗುಡಿಯಲ್ಲಿರುವುದು ಲಿಂಗ. ಆದರೆ ಪೂರ್ವದ ಕಡೆ ಚಾಚಿಕೊಂಡಿರುವ ಭಾಗದಲ್ಲಿ ಕೂತ ನಂದಿ ಎಷ್ಟು ದೊಡ್ಡದೆಂದರೆ, ಗುಡಿಯ ಹೆಸರನ್ನೇ ಅದು ತನ್ನದಾಗಿಸಿಕೊಂಡಿದೆ. ಹನ್ನೆರಡನೆಯ ಶತಮಾನದ ಕಟ್ಟಡ. ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಧಾರವಾಡ ವಲಯದ ರಕ್ಷಣೆಯಲ್ಲಿದೆ.

ಹೋದವರೇ ಒಳಕ್ಕೆ ನುಗ್ಗಬೇಡಿ. ಮೊದಲು ಗುಡಿಯ ಹಿಂಭಾಗಕ್ಕೆ, ಅಂದರೆ ಪಶ್ಚಿಮಕ್ಕೆ ಬನ್ನಿ. ದೂರದಿಂದ ಗುಂಡಗೆ ಕಾಣುತ್ತಿದ್ದ ಗೋಪುರ ಹತ್ತಿರ ಬಂದಂತೆ ಒಡೆದುಕೊಳ್ಳುತ್ತದೆ: ಒಂದು ಮೂಲೆ ಹೊರಕ್ಕೆ, ಒಂದು ಸಂದು ಒಳಕ್ಕೆ, ಮತ್ತೆ ಮೂಲೆ, ಮತ್ತೆ ಸಂದು. ಇದರ ಗುಟ್ಟು ಮನೆಯಲ್ಲೇ ಮಾಡಿ ನೋಡಬಹುದು, ಮಕ್ಕಳಿದ್ದರೆ ಹಿಂದಿನ ರಾತ್ರಿಯೇ ಮಾಡಿಸಿ. ಚೌಕಾಕಾರದ ಒಂದು ರಟ್ಟು ಕತ್ತರಿಸಿ, ನಡುವೆ ಗುಂಡುಸೂಜಿ ಚುಚ್ಚಿ, ಸುತ್ತ ಗೆರೆ ಎಳೆಯಿರಿ. ರಟ್ಟನ್ನು 15 ಡಿಗ್ರಿ ತಿರುಗಿಸಿ ಮತ್ತೆ ಗೆರೆ ಎಳೆಯಿರಿ. ಹೀಗೆ ಒಟ್ಟು ಆರು ಸಲ. ಏಳನೆಯ ಸಲಕ್ಕೆ ರಟ್ಟು ಮೊದಲ ಗೆರೆಯ ಮೇಲೇ ಬಂದು ಕೂರುತ್ತದೆ. ಆರು ಚೌಕಗಳ ನಾಲ್ಕು ನಾಲ್ಕು ಮೂಲೆ ಸೇರಿ 24. ಡಂಬಳದ ಗರ್ಭಗುಡಿಯ ಹೊರಗೋಡೆಯ ನಕ್ಷೆ ಅದೇ. ಹಗ್ಗ, ಗೂಟ, ಅಳತೆಕೋಲು ಇಷ್ಟರಲ್ಲೇ ನೆಲದ ಮೇಲೆ ಎಳೆಯಬಹುದಾದದ್ದು.

ಎಳೆಯುವುದು ಸುಲಭ, ಕಟ್ಟುವುದು ಸುಲಭವಲ್ಲ. ನಕ್ಷತ್ರದ ನಕ್ಷೆಯ ಗುಡಿಗಳು ಕನ್ನಡನಾಡಿನಲ್ಲಿ ಬೇಕಾದಷ್ಟಿವೆ. ಹೊಯ್ಸಳರ ಸೋಮನಾಥಪುರದ ಗರ್ಭಗುಡಿಗಳು 16 ಮೂಲೆಯವು. ಎಷ್ಟೋ ಕಡೆ ಶಿಲ್ಪಿಗಳು ದಿಕ್ಕಿಗೊಂದರಂತೆ ಅಗಲವಾದ ಚಪ್ಪಟೆ ಭಾಗ ಬಿಟ್ಟುಕೊಂಡು ನಡುನಡುವೆ ಮಾತ್ರ ನಕ್ಷತ್ರದ ಮೂಲೆಗಳನ್ನು ತರುತ್ತಾರೆ. ದೇವರ ವಿಗ್ರಹಗಳಿಗೆ ಗೂಡು ಮಾಡಲು ಆ ಚಪ್ಪಟೆ ಭಾಗ ಬೇಕಾಗುತ್ತದೆ. ಡಂಬಳದ ಶಿಲ್ಪಿ ಅದನ್ನೂ ಬೇಡವೆಂದ. ಮೂಲೆಯ ಪಕ್ಕ ಮೂಲೆ, ನಡುವೆ ಎಲ್ಲೂ ತಡೆಯಿಲ್ಲ. ಆದ್ದರಿಂದ ಹೊರಗೋಡೆಯ ಮೇಲೆ ಬೇಲೂರಿನ ಹಾಗೆ ವಿಗ್ರಹಗಳ ಸಾಲು ಹುಡುಕಿದವರಿಗೆ ನಿರಾಶೆಯೇ. ಇಲ್ಲಿ ನೋಡಬೇಕಾದದ್ದು ನೆರಳು. ಮೂಲೆ ಎತ್ತಿ ಹಿಡಿದ ಬೆಳಕು, ಸಂದಿನಲ್ಲಿ ಕೂತ ಕಪ್ಪು, ಇವೆರಡರ ಪಟ್ಟಿಗಳು ತಳಪಾಯದಿಂದ ಮೇಲಕ್ಕೆ ಹೋಗುವುದನ್ನು ನೋಡಬೇಕು.

ನಿಜವಾದ ಧೈರ್ಯ ಇರುವುದು ಮೇಲಕ್ಕೆ ಹೋಗುವುದರಲ್ಲೇ. ಗೋಡೆಯ ಆ ಮಡಿಕೆಗಳನ್ನು ಶಿಲ್ಪಿ ಗೋಡೆಯಲ್ಲೇ ಮುಗಿಸಲಿಲ್ಲ, ಏಳು ಅಂತಸ್ತಿನ ಗೋಪುರದ ಉದ್ದಕ್ಕೂ ಒಯ್ದ. ಅಂತಸ್ತು ಏರಿದಂತೆ ಸುತ್ತಳತೆ ಕುಗ್ಗುತ್ತದೆ, ಮೂಲೆಗಳ ಎಣಿಕೆ ಮಾತ್ರ ಕುಗ್ಗುವುದಿಲ್ಲ. ಜಾಗ ಸಾಲದ ಹಾಗೆಲ್ಲ ಸಣ್ಣ ಕೆತ್ತನೆಗಳು ಮೊಟಕಾಗಿ, ಕೊನೆಗೆ ಸುಳುಹು ಮಾತ್ರ ಉಳಿಯುತ್ತದೆ. ಕುತ್ತಿಗೆ ನೋಯುವವರೆಗೆ ಮೇಲೆ ನೋಡಿ. ಒಂದು ಮೂಲೆಯನ್ನು ಕಣ್ಣಲ್ಲೇ ಹಿಡಿದು ತುದಿಯವರೆಗೆ ಒಯ್ಯಲು ಪ್ರಯತ್ನಿಸಿ. ನಡುವೆ ತಪ್ಪಿದರೆ ಬೇಜಾರಿಲ್ಲ, ಎಲ್ಲರಿಗೂ ತಪ್ಪುತ್ತದೆ. ಇನ್ನೊಂದು ಮಾತು: ಸುತ್ತು ಹಾಕಿ ಎಣಿಸಿದರೆ 24 ಸಿಗುವುದಿಲ್ಲ. ಮುಂದಿನ ಮಂಟಪ ಬಂದು ಕೂಡುವ ಕಡೆ ಕೆಲವು ಮೂಲೆಗಳು ಒಳಗೆ ಅಡಗಿವೆ. ಮಕ್ಕಳ ಜೊತೆ ಪಂತ ಕಟ್ಟುವ ಮುಂಚೆ ಇದು ಗೊತ್ತಿರಲಿ.

ಬೆಳಕಿನ ವಿಷಯ. ಗುಡಿ ಪೂರ್ವಾಭಿಮುಖ. ಹತ್ತು ಗಂಟೆಯ ಬಿಸಿಲಿಗೆ ನಂದಿಯ ಕಡೆ ಚೆನ್ನ. ನಕ್ಷತ್ರದ ಭಾಗ ಹಿಂದಿರುವುದರಿಂದ ಫೋಟೊ ತೆಗೆಯುವವರು ಮಧ್ಯಾಹ್ನ ಮೂರರವರೆಗೆ ಕಾಯಬೇಕು. ಹಾಗಾಗಿ ಬಂದ ಕೂಡಲೇ ಒಂದು ಸುತ್ತು, ಊರೆಲ್ಲ ನೋಡಿ ಉಂಡು ಬಂದ ಮೇಲೆ ಇನ್ನೊಂದು ಸುತ್ತು. ಬಿಸಿಲ ಹೊತ್ತಿಗೆ ಕಲ್ಲಿನ ನೆಲ ಅಂಗಾಲು ಸುಡುತ್ತದೆ, ಒಂದು ಜೊತೆ ಕಾಲುಚೀಲ ಚೀಲದಲ್ಲಿ ಇರಲಿ.

ಒಳಗೆ ಕತ್ತಲೆ ಇರುತ್ತದೆ. ಮೊಬೈಲಿನ ಬೆಳಕನ್ನು ಕೆತ್ತನೆಗೆ ಎದುರಾಗಿ ಹಿಡಿಯಬೇಡಿ, ಪಕ್ಕದಿಂದ ಹಾಯಿಸಿ. ಆಗ ಉಬ್ಬು ತಗ್ಗು ಎದ್ದು ಕಾಣುತ್ತವೆ. ಚರಕಿಗೆ ಹಿಡಿದು ತಿರುಗಿಸಿದ ಕಂಬಗಳ ಮೇಲಿನ ಬಳೆಬಳೆ ಗೆರೆ, ಬಾಗಿಲ ಚೌಕಟ್ಟಿನ ಪಟ್ಟಿ ಪಟ್ಟಿ ಕುಸುರಿ, ಎರಡಕ್ಕೂ ಈ ಓರೆ ಬೆಳಕೇ ಬೇಕು. ಪೂಜೆಯಿರುವ ಗುಡಿ ಎಂಬುದು ಮಾತ್ರ ನೆನಪಿರಲಿ, ಅರ್ಚಕರನ್ನು ಕೇಳಿಯೇ ಕ್ಯಾಮೆರಾ ಎತ್ತಿ. ನಂದಿಯ ಮೇಲೆ ಮಕ್ಕಳನ್ನು ಕೂರಿಸಿ ಫೋಟೊ ತೆಗೆಯುವವರನ್ನು ಕಂಡಿದ್ದೇನೆ. ದಯವಿಟ್ಟು ಬೇಡ.

ಹತ್ತಿರದಲ್ಲೇ ಸೋಮೇಶ್ವರ ಗುಡಿಯಿದೆ, ಅದೂ ಸಂರಕ್ಷಿತ ಸ್ಮಾರಕ. ಸಾದಾ ಕಟ್ಟಡ, ಗಟ್ಟಿಮುಟ್ಟಾದ ಕಂಬಗಳು. ದೊಡ್ಡ ಬಸಪ್ಪನನ್ನು ನೋಡಿದ ಕಣ್ಣಿಗೆ ಸಪ್ಪೆ ಎನ್ನಿಸುವ ಅಪಾಯವಿರುವುದರಿಂದ ಅದನ್ನೇ ಮೊದಲು ನೋಡುವುದು ಜಾಣತನ. ಜಪದ ಬಾವಿಯನ್ನೂ ಕೇಳಿಕೊಂಡು ಹೋಗಿ. ಮೆಟ್ಟಿಲಿಳಿಯುವ ಹಳೆಯ ಬಾವಿ, ಸುತ್ತಲ ಗೋಡೆಯಲ್ಲಿ ಪುಟ್ಟ ಗುಡಿಯಂಥ ಗೂಡುಗಳು. ಮಳೆಗಾಲದಲ್ಲಿ ಮೆಟ್ಟಿಲು ಜಾರುತ್ತವೆ, ಮೇಲಿನಿಂದಲೇ ನೋಡಿದರೂ ನಷ್ಟವಿಲ್ಲ.

ಧರ್ಮವೊಳಲು

ಗುಡಿಯಷ್ಟೇ ನೋಡಿ ಬಂದರೆ ಡಂಬಳ ಅರ್ಧ ನೋಡಿದಂತೆ. ಶಾಸನಗಳಲ್ಲಿ ಈ ಊರಿನ ಹೆಸರು ಧರ್ಮವೊಳಲು, ಧರ್ಮಪುರ. ವರ್ತಕರ ಪಟ್ಟಣ. ಕಲ್ಯಾಣ ಚಾಲುಕ್ಯರ ದೊರೆ ಆರನೆಯ ವಿಕ್ರಮಾದಿತ್ಯನ ಕಾಲದ, 1095ರ ಇಲ್ಲಿಯ ಶಾಸನ ಓದಿದವರಿಗೆ ಅಚ್ಚರಿ ಕಾದಿರುತ್ತದೆ. ಅದು ಬೌದ್ಧ ಶಾಸನ. ಊರಿನ 16 ಮಂದಿ ಸೆಟ್ಟಿಗಳು ಇಲ್ಲೊಂದು ಬೌದ್ಧ ವಿಹಾರ ಕಟ್ಟಿಸಿದ್ದರು, ತಾರಾದೇವಿಯ ಆರಾಧನೆ ನಡೆಯುತ್ತಿತ್ತು, ಲೊಕ್ಕಿಗುಂಡಿಯಲ್ಲೂ, ಅಂದರೆ ಲಕ್ಕುಂಡಿಯಲ್ಲೂ, ಇನ್ನೊಂದು ವಿಹಾರವಿತ್ತು ಎಂಬುದು ಅದರಿಂದ ತಿಳಿಯುತ್ತದೆ. ಆಗ ಈ ಊರನ್ನು ನೋಡಿಕೊಳ್ಳುತ್ತಿದ್ದವಳು ವಿಕ್ರಮಾದಿತ್ಯನ ರಾಣಿ ಲಕ್ಷ್ಮಾದೇವಿ. ಕನ್ನಡನಾಡಿನಲ್ಲಿ ಬೌದ್ಧಧರ್ಮ ಎಂದೋ ಅಳಿದುಹೋಗಿತ್ತು ಎಂದು ನಂಬಿಕೊಂಡವರಿಗೆ ಬಳ್ಳಿಗಾವೆಯ ಹಾಗೆ ಡಂಬಳವೂ ಒಂದು ಉತ್ತರ. ಶೈವ ಗುಡಿ, ಜೈನ ಬಸದಿಗಳ ಸೀಮೆಯಲ್ಲಿ ಸೆಟ್ಟಿಗಳು ಹಣ ಕೂಡಿಸಿ ವಿಹಾರ ಕಟ್ಟಿದರು ಎಂದರೆ ಇಲ್ಲಿಯ ಪೇಟೆ ಎಷ್ಟು ದೊಡ್ಡದಿದ್ದೀತು, ಊಹಿಸಿಕೊಳ್ಳಿ.

ಆಮೇಲಿನ ಶತಮಾನಗಳಲ್ಲಿ ಡಂಬಳ ಕೋಟೆಯ ಊರಾಯಿತು. 1800ರ ಜುಲೈನಲ್ಲಿ, ಬ್ರಿಟಿಷರ ವಿರುದ್ಧ ಎದ್ದಿದ್ದ ಧೋಂಡಿಯಾ ವಾಘನ ಬೆನ್ನು ಹತ್ತಿ ಬಂದ ಕರ್ನಲ್ ಆರ್ಥರ್ ವೆಲ್ಲೆಸ್ಲಿ ಈ ಕೋಟೆಯ ಮೇಲೆ ಏರಿ ಹೋಗಿ ಅದನ್ನು ಹಿಡಿದ. ಹದಿನೈದು ವರ್ಷದ ಮೇಲೆ ವಾಟರ್ಲೂದಲ್ಲಿ ನೆಪೋಲಿಯನ್ನನನ್ನು ಸೋಲಿಸಿದವನೂ ಅವನೇ. 1858ರ ಮೇ ತಿಂಗಳಲ್ಲಿ ಮುಂಡರಗಿ ಭೀಮರಾಯರು ಬ್ರಿಟಿಷರ ವಿರುದ್ಧ ಎದ್ದಾಗ ಡಂಬಳದಲ್ಲಿದ್ದ ಸರಕಾರಿ ಖಜಾನೆಯನ್ನು ವಶಪಡಿಸಿಕೊಂಡೇ ಮುಂದೆ ನಡೆದರು. ಕೆಲವೇ ದಿನಗಳಲ್ಲಿ ಕೊಪ್ಪಳದ ಕೋಟೆಯಲ್ಲಿ ಹಮ್ಮಿಗಿ ಕೆಂಚನಗೌಡರೊಂದಿಗೆ ಮಡಿದರು. ಅದೇ ಹೊತ್ತಿಗೆ ಬಂಡೆದ್ದ ನರಗುಂದದ ಬಾಬಾಸಾಹೇಬರ ಹೆಸರು ಪಠ್ಯಪುಸ್ತಕದಲ್ಲಿ ಓದಿದವರಿಗೂ ಡಂಬಳದ ಈ ಸಂಗತಿ ಗೊತ್ತಿರುವುದಿಲ್ಲ.

ತೋಂಟದಾರ್ಯ ಮಠಕ್ಕೆ ಹೋಗದೆ ಬರಬೇಡಿ. ಗದಗಿನ ಮಠ ಎಂದು ನಾಡಿಗೆಲ್ಲ ಗೊತ್ತಿರುವ ಸಂಸ್ಥಾನದ ಹೆಸರಿನಲ್ಲಿ ಗದಗಿಗಿಂತ ಡಂಬಳವೇ ಮೊದಲು: ‘ಡಂಬಳ–ಗದಗ’. 2018ರಲ್ಲಿ ಲಿಂಗೈಕ್ಯರಾದ ತೋಂಟದ ಸಿದ್ಧಲಿಂಗ ಸ್ವಾಮಿಗಳು ಇಲ್ಲಿಯ ಜಾತ್ರೆಗೆ ಬೇರೆಯದೇ ರೂಪ ಕೊಟ್ಟರು. ಡಂಬಳದ ರೊಟ್ಟಿ ಜಾತ್ರೆ ಎಂದೇ ಈಗ ಹೆಸರು. ಸುತ್ತಲ ಊರುಗಳ ಮನೆಮನೆಯಲ್ಲಿ ಹೆಣ್ಣುಮಕ್ಕಳು ದಿನಗಟ್ಟಲೆ ಮೊದಲೇ ಜೋಳದ ರೊಟ್ಟಿ ಬಡಿದು, ಕಟಕ ಮಾಡಿ ಮಠಕ್ಕೆ ಕೊಡುತ್ತಾರೆ. ಜಾತಿ, ಮತ ಕೇಳದೆ ಎಲ್ಲರೂ ಸಾಲಿನಲ್ಲಿ ನಿಂತು ರೊಟ್ಟಿ, ಭಜ್ಜಿಪಲ್ಲೆ, ಅಗಸಿ ಹಿಂಡಿ ಹಾಕಿಸಿಕೊಳ್ಳುತ್ತಾರೆ. ಕರಿಹಿಂಡಿ ತಪ್ಪಿಸಬೇಡಿ, ಕಾಯಿಪಲ್ಲೆ ಸೇರಿಸಿ ಹುಳಿ ಬರಿಸಿದ ಅದರ ರುಚಿಗೆ ಪೇಟೆಯಲ್ಲಿ ಸಾಟಿ ಸಿಗದು. ಜಾತ್ರೆ ಸಾಮಾನ್ಯವಾಗಿ ಜನವರಿ ಕೊನೆ, ಫೆಬ್ರುವರಿಯ ಹೊತ್ತಿಗೆ ಬರುತ್ತದೆ. ತಿಥಿ ನೋಡಿಕೊಂಡು ಹೊರಡಿ. ಜಾತ್ರೆಯ ದಿನ ಗುಡಿಯನ್ನು ಪುರುಸೊತ್ತಿನಿಂದ ನೋಡುವ ಆಸೆ ಬಿಡಬೇಕು. ಗುಡಿ ಮುಖ್ಯವೋ ರೊಟ್ಟಿ ಮುಖ್ಯವೋ, ಮೊದಲೇ ತೀರ್ಮಾನಿಸಿ.

ಉಳಿದ ದಿನಗಳಲ್ಲಿ ದೊಡ್ಡ ಹೋಟೆಲು ನಿರೀಕ್ಷಿಸಬೇಡಿ. ಸಣ್ಣಪುಟ್ಟ ಅಂಗಡಿಯ ಚಹಾ, ಮಿರ್ಚಿ, ಗಿರ್ಮಿಟ್‌ಗೆ ತೃಪ್ತಿಪಡುವವರಿಗೆ ತೊಂದರೆಯಿಲ್ಲ. ಇಲ್ಲವಾದರೆ ಬುತ್ತಿ ಕಟ್ಟಿಕೊಂಡು ಬನ್ನಿ, ನೀರಿನ ಬಾಟಲಿ ಎರಡು ಇರಲಿ. ವಯಸ್ಸಾದವರಿದ್ದರೆ ಶೌಚಾಲಯದ ಕೆಲಸ ಗದಗಿನಲ್ಲೇ ಮುಗಿಸಿ ಬರುವುದು ಕ್ಷೇಮ. ಮಾರ್ಚಿನಿಂದ ಮೇವರೆಗಿನ ಬಿಸಿಲು ಈ ಸೀಮೆಯಲ್ಲಿ ಯಾರನ್ನೂ ಬಿಡುವುದಿಲ್ಲ. ದಸರೆಯಿಂದ ಶಿವರಾತ್ರಿಯವರೆಗೆ ಒಳ್ಳೆಯ ಕಾಲ. ಚಳಿಗಾಲದ ಕೊನೆಗೆ ಬಂದರೆ ಹೊಲದ ಬದಿಯಲ್ಲಿ ಸುಲಗಾಯಿ, ಸೀತನಿ ಸಿಕ್ಕಾವು.

ಸಂಜೆ ಗದಗಿನಲ್ಲಿ

ನಾಲ್ಕರ ಸುಮಾರಿಗೆ ಡಂಬಳ ಬಿಟ್ಟರೆ ಗದಗಿನಲ್ಲಿ ಎರಡು ತಾಸು ಸಿಗುತ್ತವೆ. ತ್ರಿಕೂಟೇಶ್ವರ ಮತ್ತು ವೀರನಾರಾಯಣ, ಎರಡೂ ಆಗದಿದ್ದರೆ ತ್ರಿಕೂಟೇಶ್ವರ. ಒಂದೇ ಪೀಠದ ಮೇಲೆ ಮೂರು ಲಿಂಗ. ಆದರೆ ನಾನು ಹೋಗಿ ಎನ್ನುವುದು ಅದೇ ಆವರಣದ ಸರಸ್ವತಿ ಗುಡಿಗಾಗಿ. ದೇವಿಯ ಮೂರ್ತಿ ಭಗ್ನವಾಗಿದೆ, ಮಂಟಪದ ಕಂಬಗಳು ಮಾತ್ರ ಬಳಪದ ಕಲ್ಲಿನಲ್ಲಿ ಏನೇನು ಮಾಡಬಹುದೋ ಅಷ್ಟನ್ನೂ ಮಾಡಿ ತೋರಿಸುತ್ತವೆ. ಡಂಬಳದಲ್ಲಿ ಗೋಡೆಯ ಲೆಕ್ಕಾಚಾರ ನೋಡಿ ಬಂದವರಿಗೆ ಇಲ್ಲಿ ಉಳಿಯ ಸಡಗರ. ವೀರನಾರಾಯಣ ಗುಡಿ ಕುಮಾರವ್ಯಾಸ ಕೂತು ಭಾರತ ಬರೆದನೆಂದು ಹೇಳುವ ಜಾಗ, ಅವನ ಕಂಬವೆಂದು ತೋರಿಸುತ್ತಾರೆ.

ಸ್ಟೇಶನ್ನಿಗೆ ಹೋಗುವ ಮುಂಚೆ ಗದಗಿನ ಬದನೆಕಾಯಿ ಬಜ್ಜಿ ತಿನ್ನಿ, ಬಿಸಿ ಇದ್ದಾಗಲೇ. ರೈಲು ತಪ್ಪಿದರೂ ಗಾಬರಿ ಬೇಡ. ಹುಬ್ಬಳ್ಳಿಗೆ ರಾತ್ರಿಯವರೆಗೂ ಬಸ್ಸುಗಳಿವೆ. ಬಾದಾಮಿ, ಬಾಗಲಕೋಟೆ ಕಡೆಯವರು ಮಾತ್ರ ಕೊನೆಯ ಗಾಡಿಯ ವೇಳೆಯನ್ನು ಬೆಳಿಗ್ಗೆ ಇಳಿದಾಗಲೇ ಸ್ಟೇಶನ್ನಿನಲ್ಲಿ ಕೇಳಿ ಬರೆದಿಟ್ಟುಕೊಳ್ಳಿ.